ತಂತಿ ಕಡಿದರೂ ಕೆಲಸ ನಿಲ್ಲದಿರಲಿ

ಮುಂಗಾರು ಹಿಡಿದುಕೊಂಡಿತೆಂದರೆ ಸೊರಬ, ಶಿಕಾರಿಪುರದ ಕಡೆ ಮೊದಲು ಹೋಗುವುದು ಕರೆಂಟು. ಅದರ ಬೆನ್ನಿಗೇ ಮೊಬೈಲಿನ ಸಿಗ್ನಲ್ಲು. ಕಾನಿನ ಅಂಚಿನ ಒಂದು ಮರ ತಂತಿಯ ಮೇಲೆ ಒರಗಿದರೆ ಸಾಕು, ನಾಲ್ಕಾರು ಊರು ಕತ್ತಲಾಗುತ್ತದೆ. ಟವರಿನ ಬ್ಯಾಟರಿ ಬರಿದಾದ ಮೇಲೆ ಫೋನೂ ಮೂಕ. ಇದರಲ್ಲಿ ಹೊಸತೇನೂ ಇಲ್ಲ. ಹೊಸತೆಂದರೆ ಅರ್ಧಕ್ಕೆ ನಿಲ್ಲುವ ಕೆಲಸದ ಸ್ವರೂಪ. ಹಿಂದೆ ನಿಲ್ಲುತ್ತಿದ್ದುದು ಹಿಟ್ಟಿನ ಗಿರಣಿ, ಪಂಪ್‌ಸೆಟ್ಟು, ಟೀವಿಯ ಧಾರಾವಾಹಿ. ಈಗ ಇವುಗಳ ಜೊತೆಗೆ ನೂರಾರು ಮೈಲಿ ದೂರದ ಕಂಪ್ಯೂಟರಿನಲ್ಲಿ ನಡೆಯುತ್ತಿರುವ ಕೆಲಸವೂ ನಿಂತುಬಿಡುತ್ತದೆ.

2020ರ ಮಾರ್ಚ್ ಕೊನೆಯಲ್ಲಿ ದೇಶವೇ ಬಾಗಿಲು ಹಾಕಿಕೊಂಡಾಗ ಬೆಂಗಳೂರಿನಿಂದ ಊರಿಗೆ ಮರಳಿದ ಮಲೆನಾಡಿನ ಹುಡುಗ ಹುಡುಗಿಯರು ಲ್ಯಾಪ್‌ಟಾಪ್ ಹಿಡಿದು ಸಿಗ್ನಲ್ ಹುಡುಕುತ್ತ ಗುಡ್ಡ ಹತ್ತಿದ್ದು ಎಲ್ಲರೂ ಕಂಡ ನೋಟ. ಆಮೇಲೆ ಹಲವರು ಹಿಂದಿರುಗಿದರು, ಕೆಲವರು ಅಡಿಕೆ ತೋಟದ ಮಗ್ಗುಲಲ್ಲೇ ಉಳಿದರು. ಹಾಗೆ ಉಳಿದವಳೊಬ್ಬಳು ಚಂದ್ರಗುತ್ತಿಯ ಕಡೆಯ ಹಳ್ಳಿಯಲ್ಲಿದ್ದಾಳೆ ಎಂದಿಟ್ಟುಕೊಳ್ಳಿ. ಕೆಲಸಕ್ಕೆ ಬೇಕಾದ ದೊಡ್ಡ ಯಂತ್ರ ಇರುವುದು ಮುಂಬಯಿಯಲ್ಲಿ. ರಾತ್ರಿ ಹತ್ತಕ್ಕೆ ತನ್ನ ಪುಟ್ಟ ಯಂತ್ರದಿಂದ ಆ ದೊಡ್ಡ ಯಂತ್ರದೊಳಕ್ಕೆ ಹೊಕ್ಕು ಎಂಟು ಗಂಟೆ ಹಿಡಿಯುವ ಲೆಕ್ಕವೊಂದನ್ನು ಶುರುಮಾಡಿ ಮಲಗುತ್ತಾಳೆ. ಎರಡು ಗಂಟೆಗೆ ಗಾಳಿ, ಮಳೆ. ಬೆಳಿಗ್ಗೆ ಎದ್ದು ನೋಡಿದರೆ ಲೆಕ್ಕವೂ ಇಲ್ಲ, ಅದರ ಗುರುತೂ ಇಲ್ಲ.

ಇಲ್ಲಿ ಒಂದು ಸಂಗತಿ ಗಮನಿಸಬೇಕು. ಮುಂಬಯಿಯ ಯಂತ್ರಕ್ಕೆ ಏನೂ ಆಗಿರಲಿಲ್ಲ. ಅಲ್ಲಿ ವಿದ್ಯುತ್ ಇತ್ತು, ಜನರೇಟರ್ ಇತ್ತು, ತಂಪು ಹವೆಯಿತ್ತು. ಮಳೆ ಬಂದದ್ದು ಸೊರಬದಲ್ಲಿ, ಸತ್ತದ್ದು ಮುಂಬಯಿಯ ಕೆಲಸ. ದಾರ ಇಲ್ಲಿ ಕಡಿದರೆ ಗಾಳಿಪಟ ಅಲ್ಲೇಕೆ ಬೀಳಬೇಕು?

ಉತ್ತರಕ್ಕೆ ಐವತ್ತು ವರ್ಷ ಹಿಂದಕ್ಕೆ ಹೋಗಬೇಕು. ಇಂದು ಜಗತ್ತಿನ ಬಹುಪಾಲು ಸರ್ವರ್‌ಗಳನ್ನು ನಡೆಸುತ್ತಿರುವುದು ಲಿನಕ್ಸ್. ಅದು ನಡಾವಳಿ ಕಲಿತದ್ದು ಯೂನಿಕ್ಸ್‌ನಿಂದ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1969ರಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಕೈಹಾಕಿದ ಯೂನಿಕ್ಸ್ ಹುಟ್ಟಿ ಬೆಳೆದದ್ದು ಟೆಲಿಫೋನ್ ಕಂಪೆನಿಯ ಅಂಗಳದಲ್ಲಿ. ಆಗ ಕಂಪ್ಯೂಟರ್ ಒಂದೇ, ಬಳಸುವವರು ಹಲವರು. ದೂರದಲ್ಲಿ ಕುಳಿತವನು ಟೆಲಿಫೋನ್ ತಂತಿಯ ಮೇಲೆ ಮೋಡೆಮ್ ಮೂಲಕ ಕರೆ ಮಾಡಿ ಯಂತ್ರದೊಡನೆ ಮಾತಾಡಬೇಕು. ಮಾತು ಮುಗಿದ ಮೇಲೆ ಫೋನ್ ಇಡಬೇಕು.

ಫೋನ್ ಇಟ್ಟ ಮೇಲೂ ಅವನು ಶುರುಮಾಡಿದ ಕೆಲಸ ನಡೆಯುತ್ತಲೇ ಇದ್ದರೆ? ಎರಡು ತೊಂದರೆ. ಒಂದು, ಯಂತ್ರದ ಒಂದೊಂದು ಕ್ಷಣಕ್ಕೂ ಬೆಲೆ ಇದ್ದ ಕಾಲದಲ್ಲಿ ವಾರಸುದಾರರಿಲ್ಲದ ಕೆಲಸ ಅದನ್ನು ತಿನ್ನುತ್ತ ಕೂರುತ್ತದೆ. ಎರಡು, ಅದೇ ತಂತಿಯಲ್ಲಿ ಮುಂದೆ ಕರೆ ಮಾಡಿದವನು ಹಿಂದಿನವನ ಕೆಲಸದ ನಡುವೆಯೇ ಬಂದು ಇಳಿಯಬಹುದು; ಮನೆಯವರು ಬಾಗಿಲು ತೆರೆದಿಟ್ಟು ಹೋದಂತೆ. ಆದ್ದರಿಂದ ಒಂದು ಕಟ್ಟಳೆ ಮಾಡಿದರು. ತಂತಿ ಕಡಿಯಿತೆಂದು ತಿಳಿದೊಡನೆ ಯಂತ್ರವು ಆ ತಂತಿಗೆ ಅಂಟಿಕೊಂಡ ಕೆಲಸಗಳಿಗೆಲ್ಲ ಒಂದು ಸಂಜ್ಞೆ ಕಳಿಸುತ್ತದೆ. ಅದರ ಹೆಸರೇ ‘ಹ್ಯಾಂಗಪ್’, ಎಂದರೆ ಫೋನ್ ಇಟ್ಟರು ಎಂದು. ಯೂನಿಕ್ಸ್‌ನ ಸಂಜ್ಞೆಗಳ ಪಟ್ಟಿಯಲ್ಲಿ ಅದರ ಸಂಖ್ಯೆ 1. ಬೇರೆ ಏನೂ ಹೇಳಿಕೊಟ್ಟಿರದಿದ್ದರೆ ಅದನ್ನು ಕೇಳಿದ ಕೆಲಸ ಅಲ್ಲೇ ಪ್ರಾಣ ಬಿಡಬೇಕು.

ಕಾಲ ಬದಲಾಯಿತು. 1995ರಲ್ಲಿ ಫಿನ್ಲೆಂಡಿನ ತಾತು ಯ್ಲೊನೆನ್, ತಮ್ಮ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಪಾಸ್‌ವರ್ಡ್ ಕದ್ದದ್ದನ್ನು ಕಂಡು, ಗುಟ್ಟು ಕಾಯುವ ಹೊಸ ದಾರಿಯೊಂದನ್ನು ಬರೆದರು. ದೂರದ ಯಂತ್ರದೊಳಕ್ಕೆ ಹೋಗಲು ಇಂದು ಎಲ್ಲರೂ ಬಳಸುವ ‘ಎಸ್‌ಎಸ್‌ಎಚ್’ ಅದೇ. ಅದೇ ವರ್ಷ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ನಮ್ಮ ದೇಶದ ಸಾರ್ವಜನಿಕರಿಗೂ ಇಂಟರ್ನೆಟ್ ತೆರೆಯಿತು. ಮೋಡೆಮಿನ ಕಿರ್‍ರೆನ್ನುವ ಸದ್ದು, ಬರಿ ಅಕ್ಷರಗಳ ಪರದೆ, ನಡುವೆ ಕಡಿದುಹೋಗುವ ಲೈನು, ಇವನ್ನು ಕಂಡವರು ಇನ್ನೂ ಇದ್ದಾರೆ. ಮೋಡೆಮ್ ಮೂಲೆ ಸೇರಿತು, ಟೆಲಿಫೋನ್ ತಂತಿಯ ಜಾಗಕ್ಕೆ ಗಾಜಿನ ಎಳೆ ಬಂತು. ಆದರೆ ಕಟ್ಟಳೆ ಮಾತ್ರ ಹಾಗೇ ಉಳಿಯಿತು. ಚಂದ್ರಗುತ್ತಿಯ ಕಡೆ ಸಂಪರ್ಕ ತಪ್ಪಿದಾಗ ಮುಂಬಯಿಯ ಯಂತ್ರ ಅರ್ಥಮಾಡಿಕೊಳ್ಳುವುದು ಇಷ್ಟೇ: ಯಜಮಾನಿ ಫೋನ್ ಇಟ್ಟಳು, ಕೆಲಸ ಮುಗಿಯಿತು. ಮಳೆ ಬಂದದ್ದು ಅದಕ್ಕೇನು ಗೊತ್ತು?

ಕಿವಿಗೆ ಹತ್ತಿ

ಮದ್ದನ್ನೂ ಹಳಬರೇ ಅರೆದಿಟ್ಟಿದ್ದಾರೆ. 1970ರ ದಶಕದಲ್ಲೇ ಯೂನಿಕ್ಸ್‌ಗೆ ‘ನೋಹಪ್’ ಎಂಬ ಆಜ್ಞೆ ಸೇರಿತು. ಹೆಸರೇ ಅರ್ಥ ಹೇಳುತ್ತದೆ: ಹ್ಯಾಂಗಪ್ಪಿಗೆ ಸೊಪ್ಪು ಹಾಕಬೇಡ. ಕೆಲಸದ ಹೆಸರಿನ ಹಿಂದೆ ಈ ಪದ ಸೇರಿಸಿದರೆ ಅದರ ಕಿವಿಗೆ ಹತ್ತಿ ಇಟ್ಟಂತೆ. ಫೋನ್ ಇಟ್ಟ ಸಂಜ್ಞೆ ಬಂದರೂ ಅದಕ್ಕೆ ಕೇಳಿಸದು. ಪರದೆಯ ಮೇಲೆ ಹೇಳಬೇಕಾದ ಮಾತನ್ನೆಲ್ಲ ಅದು ಒಂದು ಕಡತದಲ್ಲಿ ಬರೆದಿಡುತ್ತದೆ; ಕೇಳುವವರೇ ಎದ್ದು ಹೋದ ಮೇಲೆ ಹೇಳುವುದು ಯಾರಿಗೆ? ಆಜ್ಞೆಯ ಕೊನೆಗೆ ಆಂಪರ್‌ಸ್ಯಾಂಡ್ ಚಿಹ್ನೆ ಹಾಕಿದರೆ ಕೆಲಸ ಹಿತ್ತಲಿಗೆ ಸರಿದು ಜಗಲಿ ತೆರವಾಗುತ್ತದೆ. ಬರೀ ಆ ಚಿಹ್ನೆಯೊಂದನ್ನೇ ನಂಬುವವರೂ ಉಂಟು. ಹಾಗೆ ಬಿಟ್ಟ ಕೆಲಸ ಒಮ್ಮೆ ಉಳಿಯುತ್ತದೆ, ಒಮ್ಮೆ ಸಾಯುತ್ತದೆ. ಹಿತ್ತಲಿಗೆ ಹೋದ ಮಾತ್ರಕ್ಕೆ ಕಿವಿ ಮುಚ್ಚಿದಂತಾಗಲಿಲ್ಲ.

ನೋಹಪ್‌ಗೆ ಒಂದು ಕೊರತೆ ಇದೆ. ಬಿಟ್ಟು ಹೋದ ಕೆಲಸದ ಬಳಿ ಮರಳಿ ಬಂದು ಮಾತಾಡಿಸಲಾಗದು, ಬರೆದಿಟ್ಟ ಕಡತವನ್ನು ಓದಬಹುದಷ್ಟೆ. ಇದನ್ನು ನೀಗಿಸಿದ್ದು 1987ರಲ್ಲಿ ಬರ್ಲಿನ್ನಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಆಲಿವರ್ ಲೌಮನ್ ಮತ್ತು ಕಾರ್ಸ್ಟೆನ್ ಬೋರ್ಮನ್ ಬರೆದ ‘ಸ್ಕ್ರೀನ್’ ತಂತ್ರಾಂಶ. ಅದರ ಉಪಾಯ ಸರಳ. ದೂರದ ಯಂತ್ರದೊಳಗೇ ಒಂದು ಹುಸಿ ಪರದೆಯನ್ನು ನಿಲ್ಲಿಸಿ, ಕೆಲಸಗಳನ್ನು ಆ ಪರದೆಗೆ ಅಂಟಿಸುವುದು. ಮನುಷ್ಯ ಬಂದು ಪರದೆಯ ಮುಂದೆ ಕೂರುತ್ತಾನೆ, ಎದ್ದು ಹೋಗುತ್ತಾನೆ, ಪರದೆ ಹೋಗುವುದಿಲ್ಲ. ಕೆಲಸಗಳ ಮಟ್ಟಿಗೆ ಯಾರೂ ಫೋನ್ ಇಟ್ಟೇ ಇಲ್ಲ. ಕಂಟ್ರೋಲ್ ಮತ್ತು ‘ಎ’ ಒತ್ತಿ, ಬಿಟ್ಟು, ‘ಡಿ’ ಒತ್ತಿದರೆ ಬಿಡುಗಡೆ. ಮರುದಿನ ಬೇರೆ ಊರಿನಿಂದ, ಬೇರೆ ಯಂತ್ರದಿಂದ ಬಂದರೂ ಬಿಟ್ಟಲ್ಲಿಂದಲೇ ಮುಂದುವರಿಕೆ. 2007ರಲ್ಲಿ ನಿಕೋಲಸ್ ಮ್ಯಾರಿಯಟ್ ಬರೆದ ‘ಟಿಮಕ್ಸ್’ ಇದೇ ಕುಲದ ಕಿರಿಯ. ಅಲ್ಲಿ ‘ಎ’ ಬದಲಿಗೆ ‘ಬಿ’. ಮಳೆನಾಡಿನಲ್ಲಿ ಕುಳಿತು ದೂರದ ಯಂತ್ರ ನಡೆಸುವವರು ಮೊದಲ ದಿನವೇ ಕಲಿಯಬೇಕಾದ ವಿದ್ಯೆ ಇದು. ಕಲಿಯಲು ಹತ್ತು ನಿಮಿಷ ಸಾಕು. ಕಲಿಯದಿದ್ದರೆ ಒಂದು ಮಳೆಗಾಲ ಬೇಕು.

ಕಾಣದ ಕಾವಲುಗಾರರು

ಇಷ್ಟೆಲ್ಲ ಒಂದು ರಾತ್ರಿಯ ಕೆಲಸಕ್ಕೆ ಸಾಕು. ವರ್ಷಾನುಗಟ್ಟಲೆ ನಡೆಯಬೇಕಾದ ಕೆಲಸಕ್ಕೆ ಸಾಲದು. ಏಕೆಂದರೆ ಕಿವಿಗೆ ಹತ್ತಿ ಇಟ್ಟವನೂ, ಹುಸಿ ಪರದೆಗೆ ಅಂಟಿದವನೂ ದೊಡ್ಡ ಯಂತ್ರವೇ ಒಮ್ಮೆ ಆರಿ ಹೊತ್ತಿಕೊಂಡರೆ ಉಳಿಯುವುದಿಲ್ಲ. ತನ್ನಷ್ಟಕ್ಕೆ ತಪ್ಪಾಗಿ ಕುಸಿದರೆ ಎಬ್ಬಿಸುವವರೂ ಇಲ್ಲ.

ಯಾವ ಪರದೆಗೂ ಅಂಟದೆ, ಯಾರ ಕಣ್ಣಿಗೂ ಬೀಳದೆ ಹಿನ್ನೆಲೆಯಲ್ಲಿ ದುಡಿಯುವ ತಂತ್ರಾಂಶಕ್ಕೆ ಕಂಪ್ಯೂಟರ್ ಮಂದಿ ಇಟ್ಟ ಹೆಸರು ‘ಡೀಮನ್’. 1963ರಲ್ಲಿ ಅಮೆರಿಕದ ಎಂಐಟಿಯ ಮ್ಯಾಕ್ ಯೋಜನೆಯಲ್ಲಿ ಈ ಹೆಸರು ಬಳಕೆಗೆ ಬಂತು. ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ 1867ರಲ್ಲಿ ಕಲ್ಪಿಸಿಕೊಂಡ, ಅಣುಗಳನ್ನು ದಣಿವಿಲ್ಲದೆ ಬೇರ್ಪಡಿಸುತ್ತ ಕೂರುವ ಪುಟ್ಟ ಭೂತವೇ ಅದಕ್ಕೆ ಸ್ಫೂರ್ತಿ. ಪಶ್ಚಿಮದವರಿಗೆ ಈ ಹೆಸರು ಕೊಂಚ ಕಸಿವಿಸಿ ತರುತ್ತದೆ, ದೆವ್ವ ಎಂಬ ನೆರಳು ಅದಕ್ಕಿದೆ. ಮಲೆನಾಡಿನವರಿಗೆ ಆ ಕಸಿವಿಸಿ ಬೇಕಿಲ್ಲ. ಗದ್ದೆಯ ಅಂಚಿನ ಭೂತಪ್ಪ, ಕಾನಿನೊಳಗಿನ ಚೌಡಿ ಇಲ್ಲಿ ಹೆದರಿಸುವವರಲ್ಲ, ಕಾಯುವವರು. ಕಣ್ಣಿಗೆ ಕಾಣಬೇಕಾಗಿಲ್ಲ, ವರ್ಷಕ್ಕೊಮ್ಮೆ ಸಲ್ಲಬೇಕಾದದ್ದು ಸಂದರೆ ಉಳಿದ ದಿನ ತಮ್ಮ ಪಾಡಿಗೆ ಕಾವಲಿರುತ್ತಾರೆ ಎಂಬುದು ನಂಬಿಕೆ. ಡೀಮನ್ ಎಂದರೆ ಹೆಚ್ಚುಕಡಿಮೆ ಅದೇ.

ತಂದೆ ಸತ್ತ ಕೆಲಸ ಅನಾಥವಾಗುವುದೂ ಯೂನಿಕ್ಸ್‌ನಲ್ಲಿ ಉಂಟು. ‘ಅನಾಥ’ ಎಂದೇ ಅದನ್ನು ಕರೆಯುತ್ತಾರೆ. ಅಂಥದನ್ನು ಸಾಮಾನ್ಯವಾಗಿ ಯಂತ್ರದ ಮೊದಲ ಕೆಲಸ, ಎಂದರೆ 1ನೇ ಸಂಖ್ಯೆಯದು, ದತ್ತು ತೆಗೆದುಕೊಳ್ಳುತ್ತದೆ. ದೀರ್ಘಕಾಲ ನಡೆಯಬೇಕಾದ ಕೆಲಸವನ್ನು ಮೊದಲಿಗೇ ಈ ಹಿರಿಯನ ಕೈಗೆ ಒಪ್ಪಿಸುವುದು ಸರಿಯಾದ ಕ್ರಮ. 2010ರಲ್ಲಿ ಲೆನಾರ್ಟ್ ಪಟ್ಟರಿಂಗ್ ಮತ್ತು ಕೇ ಸೀವರ್ಸ್ ಆರಂಭಿಸಿದ ‘ಸಿಸ್ಟಮ್-ಡಿ’ ಈಗ ಹೆಚ್ಚಿನ ಲಿನಕ್ಸ್ ಯಂತ್ರಗಳಲ್ಲಿ ಆ ಹಿರಿಯನ ಪಟ್ಟದಲ್ಲಿದೆ. ಅದಕ್ಕೆ ಒಂದು ಪುಟ್ಟ ಕಾಗದ ಬರೆದುಕೊಡಬೇಕು: ನಡೆಸಬೇಕಾದ ಕೆಲಸ ಇಂಥದು, ನಡೆಯಬೇಕಾದದ್ದು ಇಂಥವನ ಹೆಸರಿನಲ್ಲಿ, ಬಿದ್ದರೆ ಎಬ್ಬಿಸು, ಯಂತ್ರ ಹೊತ್ತಿಕೊಂಡಾಗಲೆಲ್ಲ ನೀನೇ ಶುರುಮಾಡು. ಆಮೇಲೆ ಬರೆದುಕೊಟ್ಟವನು ನೆಮ್ಮದಿಯಾಗಿ ಎದ್ದು ಹೋಗಬಹುದು.

ತಾಳಗುಂದದ ಕಂಬ, ಬಳ್ಳಿಗಾವೆಯ ಕಲ್ಲು

ಬರೆದುಕೊಟ್ಟು ಎದ್ದು ಹೋಗುವ ಈ ವಿದ್ಯೆ ಶಿಕಾರಿಪುರ ತಾಲ್ಲೂಕಿನ ನೆಲಕ್ಕೆ ಹೊಸದಲ್ಲ. ತಾಳಗುಂದದ ಪ್ರಣವೇಶ್ವರ ಗುಡಿಯ ಮುಂದೆ ಕಲ್ಲಿನ ಕಂಬವೊಂದಿದೆ. ಕದಂಬರ ಕಾಕುತ್ಸ್ಥವರ್ಮ ಆ ಗುಡಿಗಾಗಿ ಕೆರೆಯೊಂದನ್ನು ಕಟ್ಟಿಸಿದ ಸಂಗತಿಯನ್ನು ಅದರ ಮೇಲಿನ ಸಂಸ್ಕೃತ ಶಾಸನ ಹೇಳುತ್ತದೆ. ಬರೆಸಿದವನು ಮಗ ಶಾಂತಿವರ್ಮ, ಬರೆದ ಕವಿ ಕುಬ್ಜ. ಕಾಲ 5ನೇ ಶತಮಾನ. ಅಪ್ಪ ಹೋದ ಮೇಲೂ ನೀರು ನಿಂತಿತ್ತು, ನಿಂತದ್ದರ ವಿವರ ಕಲ್ಲಿನಲ್ಲಿ ದಾಖಲಾಯಿತು.

ಹತ್ತಿರದ ಬಳ್ಳಿಗಾವೆಯಲ್ಲಿ, ಕೇದಾರೇಶ್ವರ ಗುಡಿಯ ಕೋಡಿಯ ಮಠವನ್ನು 1162ರ ಶಾಸನವೊಂದು ಬಣ್ಣಿಸುತ್ತದೆ. ಅಲ್ಲಿ ಪಾಠ ನಡೆಯುತ್ತಿತ್ತು, ದೀನರಿಗೂ ಅನಾಥರಿಗೂ ಅನ್ನ ಸಿಗುತ್ತಿತ್ತು, ರೋಗಿಗಳಿಗೆ ಮದ್ದು ಸಿಗುತ್ತಿತ್ತು. ಅರಸು ಅಲ್ಲೇ ಕುಳಿತು ಇದನ್ನು ನೋಡಿಕೊಳ್ಳಲಿಲ್ಲ. ಅರಸರು ಬರುತ್ತಿದ್ದರು, ದತ್ತಿ ಬಿಡುತ್ತಿದ್ದರು, ದಂಡೆತ್ತಿ ಮುಂದೆ ಹೋಗುತ್ತಿದ್ದರು. ಚಾಲುಕ್ಯರು ಹೋಗಿ ಕಳಚೂರ್ಯರು ಬಂದರು, ಅವರೂ ಹೋದರು. ಆಳುವವರು ಬದಲಾದರೂ ಒಲೆ ಆರದಂತೆ ಇರಲು ಬೇಕಾದದ್ದು ಏನೆಂಬುದನ್ನು ದತ್ತಿ ಬರೆಸಿದವರು ಬಲ್ಲರು.

ಕನ್ನಡ ನಾಡಿನ ದತ್ತಿ ಶಾಸನಗಳನ್ನು ಓದಿದರೆ ಅದರ ಕ್ರಮ ಕಾಣುತ್ತದೆ. ಮೊದಲು ಭೂಮಿಯ ಎಲ್ಲೆ: ವೆಚ್ಚ ಹುಟ್ಟುವುದು ಎಲ್ಲಿಂದ ಎಂಬುದು. ಆಮೇಲೆ ಯಾವ ಕೆಲಸಕ್ಕೆ: ಪೂಜೆಗೆ, ಅನ್ನಕ್ಕೆ, ನಂದಾದೀವಿಗೆಗೆ. ಯಾರ ಕೈಗೆ: ಇಂಥ ಆಚಾರ್ಯರ ಕಾಲು ತೊಳೆದು ಧಾರಾಪೂರ್ವಕ. ಮತ್ತೆ ಮತ್ತೆ ಬರುವ ಮಾತೊಂದಿದೆ, ‘ಖಂಡಸ್ಫುಟಿತ ಜೀರ್ಣೋದ್ಧಾರ’. ಒಡೆದದ್ದನ್ನು, ಬಿರಿದದ್ದನ್ನು ಸರಿಮಾಡುವುದಕ್ಕೂ ಮೊದಲೇ ಹಣ ತೆಗೆದಿಡುವುದು. ಕಟ್ಟಿದ್ದು ಒಂದು ದಿನ ಬಿರಿಯುತ್ತದೆಂದು ಕಟ್ಟುವ ದಿನವೇ ಒಪ್ಪಿಕೊಂಡವರ ಮಾತು ಅದು. ಕೆರೆಗಳಿಗೂ ಹಾಗೆಯೇ, ಹೂಳೆತ್ತುವ ಬಂಡಿಗೆ, ಏರಿ ನೋಡಿಕೊಳ್ಳುವವನಿಗೆ ಕಟ್ಟುಕೊಡಗೆಯ ಭೂಮಿ. ಕೊನೆಗೆ ಅವಧಿ: ಆಚಂದ್ರಾರ್ಕ. ಸೂರ್ಯಚಂದ್ರರಿರುವವರೆಗೆ.

ಯಾರ ಕೈಗೆ, ಯಾವ ಕೆಲಸಕ್ಕೆ, ಒಡೆದರೆ ಏನು, ಎಲ್ಲಿಯವರೆಗೆ. ಸಿಸ್ಟಮ್-ಡಿಗೆ ಬರೆದುಕೊಡುವ ಕಾಗದದಲ್ಲೂ ಕೇಳುವ ಪ್ರಶ್ನೆಗಳು ಇವೇ. ಆದರೆ ಬರೆಸಿದ ಕಲ್ಲು ಉಳಿದ ಕಡೆಗಳಲ್ಲೆಲ್ಲ ದೀಪ ಉಳಿಯಲಿಲ್ಲ ಎಂಬುದನ್ನೂ ನೆನೆಯಬೇಕು. ಏರಿ ನೋಡುವವನ ಉಂಬಳಿ ಹೋದ ಊರುಗಳಲ್ಲಿ ಕೆರೆಗಳು ಹೂಳು ತುಂಬಿದವು. ಆಜ್ಞೆ ಎಷ್ಟೇ ಗಟ್ಟಿಯಾಗಿದ್ದರೂ ನೋಡಿಕೊಳ್ಳುವ ಕೈ ಬೇಕು.

ಉಳಿಯಬೇಕೆ, ಅಳಿಯಬೇಕೆ?

ಯಜಮಾನ ಹೋದ ಮೇಲೂ ಕೆಲಸ ಉಳಿಯಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸಬೇಕಾದವರು ಯಾರು? 2016ರ ಮೇ ತಿಂಗಳಲ್ಲಿ ಇದೇ ಪ್ರಶ್ನೆ ಲಿನಕ್ಸ್ ಲೋಕದಲ್ಲಿ ಜಗಳವಾಯಿತು. ಸಿಸ್ಟಮ್-ಡಿಯ 230ನೇ ಆವೃತ್ತಿ ಒಂದು ಹೊಸ ಕಟ್ಟಳೆಯೊಂದಿಗೆ ಬಂತು: ಬಳಕೆದಾರ ಹೊರಗೆ ಹೋದೊಡನೆ ಅವನು ಶುರುಮಾಡಿದ್ದನ್ನೆಲ್ಲ ಮುಗಿಸಿಬಿಡುವುದು. ನೋಹಪ್ ಹಾಕಿದ್ದರೂ ಅಷ್ಟೆ, ಸ್ಕ್ರೀನ್ ಆದರೂ ಅಷ್ಟೆ. ಹಳೆಯ ಬಳಕೆದಾರರು ಸಿಡಿದೆದ್ದರು. ದಶಕಗಳಿಂದ ನಂಬಿದ ಒಪ್ಪಂದವನ್ನು ಒಂದು ಬೆಳಿಗ್ಗೆ ಮುರಿದರೆ ಹೇಗೆ ಎಂದು ಅವರ ವಾದ. ಮರೆತು ಬಿಟ್ಟುಹೋದ ಕೆಲಸಗಳು ಯಂತ್ರವನ್ನು ತಿನ್ನುತ್ತವೆ, ಉಳಿಸಬೇಕೆಂದರೆ ಬಾಯಿಬಿಟ್ಟು ಹೇಳಲಿ ಎಂದು ಬರೆದವರ ವಾದ. ಕೊನೆಗೆ ಡೆಬಿಯನ್‌ನಂಥ ಹಂಚಿಕೆದಾರರು ಹಳೆಯ ಪದ್ಧತಿಯನ್ನೇ ಉಳಿಸಿಕೊಂಡರು. ಹೊಸ ಕಟ್ಟಳೆ ಇರುವ ಯಂತ್ರಗಳಲ್ಲಿ ‘ಲಿಂಗರ್’ ಎಂಬ ಅನುಮತಿ ಪಡೆದು, ಕೆಲಸವನ್ನು ಬಳಕೆದಾರನ ಸೇವೆಯೆಂದು ದಾಖಲಿಸಿದರೆ ಅದು ಉಳಿಯುತ್ತದೆ.

ಎರಡೂ ಕಡೆ ಹುರುಳಿದೆ. ಯಾರೋ ಎಂದೋ ಶುರುಮಾಡಿ ಮರೆತ ಕೆಲಸ ಬಾಡಿಗೆಯ ಯಂತ್ರದಲ್ಲಿ ಗಂಟೆಗಂಟೆಗೂ ಬಿಲ್ ಏರಿಸುತ್ತದೆ. ಹಳೆಯ ದೋಷಗಳನ್ನು ಹೊತ್ತು ತೆರೆದಿರುವ ಬಾಗಿಲು ಕಳ್ಳನಿಗೆ ಆಹ್ವಾನ. ಕಳ್ಳನೂ ಒಳಗೆ ಬಂದ ಮೇಲೆ ಮಾಡುವ ಮೊದಲ ಕೆಲಸ ಇದೇ, ತಾನು ಹೋದ ಮೇಲೂ ತನ್ನ ಕೆಲಸ ನಡೆಯುವಂತೆ ಏರ್ಪಾಡು ಮಾಡುವುದು. ಉಳಿಸುವ ವಿದ್ಯೆ ಗೊತ್ತಿದ್ದವನಿಗೆ ನಿಲ್ಲಿಸುವ ವಿದ್ಯೆಯೂ ಗೊತ್ತಿರಬೇಕು.

ಇದೆಲ್ಲ ಕಂಪ್ಯೂಟರ್ ಮಂದಿಯ ಒಳಮನೆಯ ಮಾತು ಎನ್ನುವಂತಿಲ್ಲ. 2000ದ ಆಸುಪಾಸಿನಲ್ಲಿ ರಾಜ್ಯದಲ್ಲಿ ‘ಭೂಮಿ’ ಯೋಜನೆ ಬಂದು, ಕೈಬರಹದ ಪಹಣಿ ಹೋಗಿ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಅಚ್ಚಾದ ಪಹಣಿ ಸಿಗತೊಡಗಿದಂದಿನಿಂದ ಸೊರಬದ ರೈತನ ದಿನವೂ ಸರ್ವರ್‌ಗೆ ಕಟ್ಟಿಕೊಂಡಿದೆ. ಸಾಲಕ್ಕೆ ಪಹಣಿ, ಮಗಳ ಕಾಲೇಜಿಗೆ ಜಾತಿ ಪ್ರಮಾಣಪತ್ರ, ತಿಂಗಳ ಪಡಿತರಕ್ಕೆ ಹೆಬ್ಬೆರಳು, ಎಲ್ಲಕ್ಕೂ ಎಲ್ಲೋ ಒಂದು ಕಾಣದ ಕೆಲಸ ನಡೆಯುತ್ತಿರಬೇಕು. ‘ಸರ್ವರ್ ಡೌನ್’ ಎಂಬ ಎರಡು ಪದ ಇಂದು ಹಳ್ಳಿಯ ಅಜ್ಜಿಗೂ ಗೊತ್ತು. ಅವಳ ಪಾಲಿಗೆ ಅದರ ಅರ್ಥ ಒಂದು ದಿನದ ಕೂಲಿ, ಬಸ್ಸಿನ ಹಣ, ನಾಳೆ ಮತ್ತೆ ಬರಬೇಕೆಂಬ ದಣಿವು.

ಸರ್ವರ್ ಮಲಗಲು ಕಾರಣ ನೂರು. ತಂತಿ ಕಡಿದಿರಬಹುದು, ವಿದ್ಯುತ್ ಹೋಗಿರಬಹುದು, ಒಂದೇ ಹೊತ್ತಿಗೆ ಎಲ್ಲರೂ ನುಗ್ಗಿರಬಹುದು. ಆದರೆ ಈ ವೃತ್ತಿಯವರೆಲ್ಲ ಬಲ್ಲ, ಹೇಳಿಕೊಳ್ಳಲು ನಾಚುವ ಕಾರಣವೂ ಒಂದುಂಟು. ಪರೀಕ್ಷೆಗೆಂದು ಯಾರೋ ತನ್ನ ಪರದೆಯಿಂದಲೇ ಒಂದು ಸೇವೆಯನ್ನು ಶುರುಮಾಡಿರುತ್ತಾನೆ. ಅದು ನಡೆಯುತ್ತದೆ, ಎಲ್ಲರೂ ಬಳಸತೊಡಗುತ್ತಾರೆ. ಹಿರಿಯನ ಕೈಗೆ ಒಪ್ಪಿಸುವ ಕಾಗದ ಬರೆಯುವುದು ನಾಳೆಗೆ ಉಳಿಯುತ್ತದೆ. ಆ ನಾಳೆ ಬರುವ ಮೊದಲೇ ಯಂತ್ರವೊಮ್ಮೆ ಆರಿ ಹೊತ್ತಿಕೊಳ್ಳುತ್ತದೆ. ಆಗ ಬೇರೆ ಎಲ್ಲ ಎದ್ದು ನಿಲ್ಲುತ್ತದೆ, ಅದೊಂದು ಮಾತ್ರ ಏಳುವುದಿಲ್ಲ. ಶುರುಮಾಡಿದವನು ಅಷ್ಟರಲ್ಲಿ ಬೇರೆ ಊರಿನಲ್ಲಿ, ಬೇರೆ ಕೆಲಸದಲ್ಲಿ.

ಆದ್ದರಿಂದ ಲೆಕ್ಕ ಹೀಗೆ. ಒಂದು ರಾತ್ರಿಯ ಕೆಲಸವಾದರೆ ನೋಹಪ್ ಸಾಕು. ನಡುನಡುವೆ ಬಂದು ಮಾತಾಡಿಸಬೇಕಾದರೆ ಸ್ಕ್ರೀನ್ ಅಥವಾ ಟಿಮಕ್ಸ್. ಇನ್ನೊಬ್ಬರು ನಂಬಿ ಕೂರುವ ಕೆಲಸವಾದರೆ ಹಿರಿಯನಿಗೆ ಕಾಗದ ಬರೆದುಕೊಡಲೇಬೇಕು. ಅದರಲ್ಲಿ ವಾರಸುದಾರನ ಹೆಸರಿರಬೇಕು, ನಡೆದದ್ದನ್ನು ಬರೆದಿಡುವ ದಿನಚರಿ ಇರಬೇಕು, ನಿಲ್ಲಿಸುವ ದಾರಿಯೂ ತಿಳಿದಿರಬೇಕು. ಆಮೇಲೆ, ಜನ ಕಿಟಕಿಯ ಮುಂದೆ ಸಾಲು ನಿಲ್ಲದ ಒಂದು ಹೊತ್ತು ನೋಡಿ, ಯಂತ್ರವನ್ನು ಬೇಕೆಂದೇ ಆರಿಸಿ ಮತ್ತೆ ಹಚ್ಚಬೇಕು. ಯಾರೂ ಕೈಹಾಕದೆ ಕೆಲಸ ತಾನಾಗಿ ಎದ್ದರೆ ಸರಿ, ಏಳದಿದ್ದರೆ ಸರಿಮಾಡಲು ಆಗಲೇ ಸಮಯ. ಕೆರೆಯ ಊರಿನವರು ಏರಿಯನ್ನು ನೋಡಿ ಬರುವುದು ಮಳೆ ಹಿಡಿಯುವ ಮುನ್ನವೇ ಹೊರತು ಕೋಡಿ ಬಿದ್ದ ಮೇಲಲ್ಲ.